ಏಳನೆಯ ಮಡಿ

ಹೆಬ್ಬಾಳದ ಮೇಲ್ಸೇತುವೆ ದಾಟಿದರೆ
ಏರ್‌ಪೋರ್ಟ್ ಬಸ್ಸುಗಳ ಗದ್ದಲಕ್ಕೆ ಬೆನ್ನು ಕೊಟ್ಟು
ಹನ್ನೆರಡು ಮಡಿ ಕೆಂಪು ನೆಲ.
ಒಂದೊಂದರ ನಡುವೆ ಒಂದೊಂದು ಬಿಳಿ ಡಬ್ಬಿ, ಬೋರಲು,
ಕೋಳಿಮರಿಗಳ ಮೇಲೆ ಮುಚ್ಚಿದ ಮಂಕರಿಯ ಹಾಗೆ.

ಒಳಗೆ ಮರಿಯಿಲ್ಲ. ಉಸಿರಿದೆ.

ಮುಚ್ಚಳ ಹಾಕಿದ ಕೂಡಲೇ ಒಂದು ಸಿರಿಂಜು,
ಇಪ್ಪತ್ತು ನಿಮಿಷಕ್ಕೆ ಇನ್ನೊಂದು,
ನಲವತ್ತಕ್ಕೆ ಮತ್ತೊಂದು.
ನೆಲದ ರಕ್ತ ತೆಗೆಯುವವಳು ಬಂದಳು ಅಂತ
ಪಿಳ್ಳಕ್ಕ ಜೊತೆಯವರಿಗೆಲ್ಲ ಸಾರಿದ್ದಾಳೆ.
ರಕ್ತ ಅಲ್ಲಕ್ಕ, ಗಾಳಿ ಅಂದರೆ
‘ಓ, ನೆಲಕ್ಕೇ ಗಾಳಿ ಹಿಡಿದಿದೆ ಅನ್ನು!’

ಭರಣಿ ಮಳೆಗೆ ಚೆಲ್ಲಿದ್ದೆವು,
ಮೂರು ಮಡಿಗೆ ಹುರುಳಿ, ಮೂರಕ್ಕೆ ಸೆಣಬು,
ಮೂರಕ್ಕೆ ಹಳೆಯ ರಾಗಿಹುಲ್ಲಿನ ಹೊದಿಕೆ.
ಇನ್ನು ಮೂರು ಬರಿಮೈಯಲ್ಲೇ ಇರಲಿ, ಹೋಲಿಸಲು.
ಬಿಸಿಲಿಗೆ ನೆಲ ಬಿರಿಯಬಾರದು,
ಮೇಲ್ಮಣ್ಣು ಕೊಚ್ಚಿಹೋಗಿ ಕೆರೆ ಸೇರಬಾರದು,
ಅಷ್ಟೇ ಆಸೆ.
ಸೆಣಬು ಎದೆಯೆತ್ತರ ಬಂತು.
ಬೇರಿನಲ್ಲಿ ಗಂಟು, ಗಂಟು ಸೀಳಿದರೆ
ಮಗುವಿನ ಒಸಡಿನ ಬಣ್ಣ.
ಹೂ ಬಿಡುವ ಮುಂಚೆ ಹಸಿಹಸಿಯಾಗಿ
ಉತ್ತು ಮಗುಚಿದೆವು.
ಒಳ್ಳೆಯ ಕೆಲಸವೆಂದು ಸಾಲಾಗಿ ನಿಂತು
ಫೋಟೋ ಕೂಡ ತೆಗೆಸಿಕೊಂಡೆವು.

ಆರಿದ್ರೆ ಮೂರು ದಿನ ಹಿಡಿದು ಬಾರಿಸಿತು.
ನಾಲ್ಕನೆಯ ಬೆಳಿಗ್ಗೆ ಏಳನೆಯ ಮಡಿ, ಸೆಣಬಿನದು,
ಯಂತ್ರದ ಗೀಟನ್ನು ತೆರೆಯ ನೆತ್ತಿಗೇ ಏರಿಸಿತು.
ಬರಿಮೈ ಮಡಿಯ ಆರು ಪಾಲು.
ಯಂತ್ರ ಕೆಟ್ಟಿದೆ ಅಂದುಕೊಂಡೆ.
ಮತ್ತೆ ಹಾಕಿದೆ.
ಮತ್ತೆ ಅದೇ ಗುಡ್ಡ.

ನೈಟ್ರಸ್ ಆಕ್ಸೈಡ್. ನಗಿಸುವ ಅನಿಲ.
ಹೋದ ವರ್ಷ ಸಹಕಾರನಗರದ ದಂತವೈದ್ಯರು
ಇದನ್ನೇ ಮೂಗಿಗೆ ಹಿಡಿದು ನನ್ನ ಬುದ್ಧಿಹಲ್ಲು ಕಿತ್ತರು.
ನೋವಿತ್ತು, ಆದರೆ ಪಕ್ಕದ ಮನೆಯಲ್ಲಿತ್ತು.
ನಾನು ನಕ್ಕೆನಂತೆ. ಯಾಕೆಂದು ನೆನಪಿಲ್ಲ.
ಆಗ ಬಿಟ್ಟ ಉಸಿರು ಈಗಲೂ ಮೇಲೆಲ್ಲೋ ಇದೆ,
ನಾನು ಹೋದ ಮೇಲೂ ಇರುತ್ತದೆ,
ಸೆಕೆಯಲ್ಲಿ ಬೇಯುವ ಭೂಮಿಗೆ
ಇನ್ನೊಂದು ಎಳೆ ಕಂಬಳಿ ನೇಯುತ್ತ.

ಇಪ್ಪತ್ತು ನಿಮಿಷ ಬಹಳ ಉದ್ದ.
ಬದುವಿನ ಮೇಲೆ ಕೂತು ಹೇಳಿದೆ:
ಒಳಗೆ ಕಣ್ಣಿಗೆ ಕಾಣದ ಜೀವಗಳಿವೆ ಪಿಳ್ಳಕ್ಕ,
ಮಳೆನೀರು ತುಂಬಿ ಉಸಿರು ಕಟ್ಟಿದಾಗ
ಕೊಳೆತ ಸೊಪ್ಪಿನ ಉಪ್ಪನ್ನೇ ಉಸಿರಾಡುತ್ತವೆ,
ಕೆಲಸ ಪೂರ್ತಿ ಮುಗಿಸದೆ
ಅರ್ಧಕ್ಕೆ ಬಿಟ್ಟದ್ದು ಈ ಗಾಳಿ.

ಅವಳು ಎಲೆಅಡಿಕೆ ಉಗಿದು ಬಂದಳು.
‘ಬರೀ ಕಾಳುಸಾರು ಕುಡಿಸಿದ್ದೀರ.
ಮುದ್ದೆ ಎಲ್ಲವ್ವ?
ಹೊಟ್ಟೆ ಉಬ್ಬರಿಸದೆ ಇನ್ನೇನು ಮಾಡೀತು?’

ನೋಟ್‌ಬುಕ್ಕಿನಲ್ಲಿ ಗೈಡಿಗೆ ಒಪ್ಪುವಂತೆ ಬರೆದೆ:
ಹಸಿರೆಲೆಯ ಜೊತೆ
ಇಂಗಾಲ ಹೆಚ್ಚಿರುವ ಒಣ ಉಳಿಕೆ ಬೆರೆಸಿ ನೋಡುವುದು.
ಮುದ್ದೆ ಎಂಬುದನ್ನು ಮಾತ್ರ
ಅಂಚಿನಲ್ಲಿ, ಪೆನ್ಸಿಲಿನಲ್ಲಿ.

ಮರುವರ್ಷ ಸೆಣಬಿನ ಮೇಲೆ
ರಾಗಿಹುಲ್ಲು ಕೊಚ್ಚಿ ಹರಡಿ ಒಟ್ಟಿಗೆ ಉತ್ತೆವು.
ಗುಡ್ಡ ತಗ್ಗಿತು, ದಿಬ್ಬವಾಗಿ ಉಳಿಯಿತು.
ಆಮೇಲೆ ಹಾಕಿದ ರಾಗಿ
ಹದಿನೈದು ದಿನ ಹಳದಿಗಟ್ಟಿ ನಿಂತಿತು,
ಬಾಚಿಕೊಂಡದ್ದನ್ನು ನೆಲ ಬೇಗ ಬಿಟ್ಟುಕೊಡಲಿಲ್ಲ.
‘ಉಣ್ಣುವವರಿಗೂ ಹೊತ್ತು ಬೇಕಲ್ಲ’ ಎಂದಳು ಪಿಳ್ಳಕ್ಕ,
ಅದನ್ನೂ ಬರೆದುಕೊಳ್ಳುತ್ತೀಯಾ
ಎನ್ನುವ ಮುಖ ಮಾಡಿ.

ಒಳ್ಳೆಯದಾ, ಕೆಟ್ಟದ್ದಾ
ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ
ಯಾವ ಮಳೆಗೆ, ಯಾವ ಸೊಪ್ಪು,
ಹೂತಿರಾ, ಮೇಲೆ ಬಿಟ್ಟಿರಾ ಎಂದು
ನಾನೇ ಕೇಳತೊಡಗುತ್ತೇನೆ. ಅವರು ಫೋನಿಡುತ್ತಾರೆ.

ನಲವತ್ತು.
ಕೊನೆಯ ಸಿರಿಂಜು ತುಂಬಿ ಮುಚ್ಚಳ ತೆಗೆದೆ.
ಏಳನೆಯ ಮಡಿಯಿಂದ ಒಂದು ಮಿಡತೆ
ಪಿಳ್ಳಕ್ಕನ ಸೆರಗಿಗೆ ಹಾರಿತು.
ಅದರ ಹಿಂದೆಯೇ ಹೊರಟದ್ದು
ನನಗೆ ಕಾಣಲಿಲ್ಲ.